ಜಂತ್ರಡಿಯ ಹಲಗೆ

ಕೋಡಿಬಾಗದ ಈ ಹೊಸ ಆಸ್ಪತ್ರೆಯಲ್ಲಿ
ಕುರ್ಚಿಗಳಿಗೆಲ್ಲ ಸಮುದ್ರದ ಕಡೆ ಬೆನ್ನು.
ತೊಡೆಯ ಮೇಲೆ ಹನ್ನೊಂದು ಪುಟದ ಅರ್ಜಿ;
ಏಳನೆಯ ಪುಟದಲ್ಲಿ ಒಂದು ಖಾಲಿ ಚೌಕ:
ಮಗುವಿಗೆ ಮತ್ತೇನಾದರೂ ಬೇಕೆ?

ಮತ್ತೇನಾದರೂ.
ಚೀಲ ತುಂಬಿದ ಮೇಲೂ ಮೀನುಪೇಟೆಯಲ್ಲಿ
ಒಂದು ಹಿಡಿ ಶೆಟ್ಲಿ ಎತ್ತಿ ತೋರಿಸಿ ಕೇಳುವ ಹಾಗೆ.

ನಾನು ಬಂದದ್ದು ಒಂದೇ ಒಂದು ಅಕ್ಷರಕ್ಕೆ.

ನನ್ನಲ್ಲೊಂದು, ಇವರಲ್ಲೊಂದು
ಸದ್ದಿಲ್ಲದೆ ಮಲಗಿದ್ದ ತಪ್ಪಕ್ಷರ
ಓಂಕಾರನಲ್ಲಿ ಜೋಡಿಯಾಗಿ ಎದ್ದು ಕೂತಿತು.
ಇಪ್ಪತ್ತೊಂದು ದಿನಕ್ಕೊಮ್ಮೆ ಕುಮಟೆಯಿಂದ ಬೆಳಗಿನ ಬಸ್ಸು.
ಅಂಕೋಲೆ ದಾಟುವಾಗ ಕೇಳುತ್ತಿದ್ದ:
"ಇವತ್ತು ಯಾರ ರಕ್ತ ಅಮ್ಮಾ?"
ಬಾಯಿಗೆ ಬಂದದ್ದು ಹೇಳುತ್ತಿದ್ದೆ.
ಬಂದರಿನಲ್ಲಿ ಕ್ರೇನ್ ಓಡಿಸುವವನದು.
ಕೈಗಾ ಗೇಟಿನ ಪೊಲೀಸನದು.
ಚೆಂಡಿಯೆಯ ಗಣಿತದ ಟೀಚರದು.
ಟೀಚರ ರಕ್ತ ಏರಿಸಿದ ವಾರ
ಹದಿಮೂರರ ಮಗ್ಗಿ ತಪ್ಪದೆ ಒಪ್ಪಿಸಿದ.
ಒಂಬತ್ತು ವರ್ಷ, ನಾಲ್ಕು ತಿಂಗಳು.
ಆಮೇಲೆ ಯಾರ ರಕ್ತವೂ ಅವನ ಮಾತು ಕೇಳಲಿಲ್ಲ.

ಡಾಕ್ಟರ್ ರಾಯಕರ ಹಾಳೆಯಲ್ಲಿ ಏಣಿ ಬರೆದರು,
ಹಿಂಡಿದ ಬಟ್ಟೆಯ ಹಾಗೆ ತಿರುಚಿದ ಏಣಿ.
"ಇಲ್ಲೊಂದು ಮೆಟ್ಟಿಲು. ಇದನ್ನು ಸರಿ ಮಾಡುತ್ತೇವೆ.
ಈ ಮಗುವಿಗೆ ಮಾತ್ರವಲ್ಲ,
ಅದರ ಮಕ್ಕಳಿಗೆ, ಮೊಮ್ಮಕ್ಕಳಿಗೆ..."
ಅನ್ನುತ್ತ ಎಳೆದ ಗೆರೆ
ಹಾಳೆಯ ಅಂಚು ದಾಟಿ ಮೇಜಿನ ಮೇಲೂ ಸ್ವಲ್ಪ ದೂರ ಹೋಯಿತು.

ಪಕ್ಕದ ಕುರ್ಚಿಯ ಗಂಡ ಹೆಂಡತಿ
ಏಳನೆಯ ಪುಟ ತುಂಬಿಸುತ್ತಿದ್ದಾರೆ:
ಆರಡಿ ಎತ್ತರ, ಕನ್ನಡಕ ಬೇಡ, ಬಣ್ಣ ತುಸು ತಿಳಿ,
ನಾಲ್ಕು ತಾಸು ನಿದ್ದೆ ಸಾಕಾಗಬೇಕು.
ಅಂಗೈ ಅಡ್ಡ ಹಿಡಿದು ಬರೆಯುತ್ತಾರೆ,
ಪರೀಕ್ಷೆಯಲ್ಲಿ ಪಕ್ಕದವರು ಕಾಪಿ ಹೊಡೆಯದ ಹಾಗೆ.
ನಗಲಾರೆ. ಅವರ ಕೈಯೂ ನಡುಗುತ್ತಿದೆ.

ನನ್ನತ್ತೆ ಸಾತು ಪಟಗಾರ
ಮಾಣಿಕಟ್ಟೆಯ ಗಜನಿಯಲ್ಲಿ ಕಗ್ಗ ಬಿತ್ತಿದವಳು.
ಬೀಜಕ್ಕೆ ಅವಳು ತೆಗೆದಿಡುವುದು
ಎತ್ತರದ ತೆನೆಯಲ್ಲ, ದಪ್ಪ ಕಾಳಲ್ಲ,
ಉಪ್ಪು ಏರಿದ ವರ್ಷ ಮಲಗಿ ಮತ್ತೆ ಎದ್ದದ್ದು.
ಕೊನೆಗೆ ಬಡಕಲು ಕಾಳೂ ಒಂದು ಹಿಡಿ ಸೇರಿಸುತ್ತಿದ್ದಳು:
"ಯಾವ ವರ್ಷಕ್ಕೆ ಯಾವ್ದು ಬೇಕಾತದೆ,
ನಂಗೆಂತ ಗೊತ್ತು?"

ಹಾಗಾದರೆ ಆರಿಸುವುದು ನಮಗೆ ಹೊಸತಲ್ಲ.
ಆದರೆ ಅವಳ ಆಯ್ಕೆಗೆ ಉಪ್ಪು ಒಪ್ಪಬೇಕಿತ್ತು,
ಹಕ್ಕಿ, ಏಡಿ, ಆರು ತಿಂಗಳು ಒಪ್ಪಬೇಕಿತ್ತು.
ಇಲ್ಲಿ ನನ್ನ ಸಹಿ ಸಾಕು.

ಒಂದು ರಾತ್ರಿ, ನನ್ನ ಮದುವೆಯ ಮರುವರ್ಷ,
ಯಾರೋ ತನ್ನ ಶೆಟ್ಲಿಯ ಆಸೆಗೆ
ಜಂತ್ರಡಿಯ ಹಲಗೆ ಎತ್ತಿಬಿಟ್ಟ.
ಒಬ್ಬನ ಆಸೆ; ನಲವತ್ತು ಮನೆಯ ಗದ್ದೆ.
ಉಪ್ಪುನೀರಿಗೆ ಸರ್ವೆ ನಂಬರು ತಿಳಿಯದು.
ಆಮೇಲೆ ಊರು ಕಾವಲು ಇಟ್ಟಿತು;
ಭರತವಾಗಲಿ ಇಳಿತವಾಗಲಿ, ಅವನ ಲಾಟೀನು ಕಟ್ಟೆಯ ಮೇಲೆ.

"ಈ ಹಲಗೆಗೆ ಯಾರ ಕಾವಲು ಡಾಕ್ಟ್ರೇ?"
ಅವರು ಕನ್ನಡಕ ತೆಗೆದು ಒರೆಸಿದರು.
"ಕಾಯ್ದೆ ಇದೆ. ಕಮಿಟಿ ಇದೆ."
"ಭರತದ ಹೊತ್ತಿಗೆ ಎದ್ದಿರುತ್ತಾರಾ?"

ಉತ್ತರ ಬರುವ ಮೊದಲೇ ಸಹಿ ಮಾಡಿದೆ.
ಸುಳ್ಳು ಯಾಕೆ, ಬೇರೆಯವರ ಗದ್ದೆಯ ನೆನಪು
ಆ ಕ್ಷಣ ನನಗಿರಲಿಲ್ಲ.
ನೆನಪಿದ್ದದ್ದು ಸೂಜಿ ಚುಚ್ಚಿ ಕಪ್ಪಾದ
ಒಂದು ಪುಟ್ಟ ಮೊಣಕೈ.

ಏಳನೆಯ ಪುಟಕ್ಕೆ ಹಿಂದಿರುಗಿ ಬರೆದೆ:
ಇವನ ಅಣ್ಣ ಎಡಚ. ನಿದ್ದೆಯಲ್ಲಿ ನಗುತ್ತಿದ್ದ.
ಏಡಿ ಕಂಡರೆ ಹೆದರುತ್ತಿದ್ದ.
ಅದೆಲ್ಲ ಎಲ್ಲಿದೆಯೋ, ಅಲ್ಲಿ ಕೈ ಹಾಕಬೇಡಿ.

"ಇಲ್ಲಿ ಬೇಕಾದ್ದು ಬರೀಬೇಕು ಅಕ್ಕಾ,
ಬೇಡದ್ದಲ್ಲ," ಅಂದಳು ನರ್ಸು.
ಬೇಕಾದ್ದನ್ನೇ ಬರೆದಿದ್ದೆ.

ಆಯಾ ಬಂದು ಮೇಜಿನ ಮೇಲಿನ ಗೆರೆಗೆ
ಸ್ಪಿರಿಟ್ ಹಚ್ಚಿ ಒರೆಸಿದಳು.
ಪೂರ್ತಿ ಹೋಗಲಿಲ್ಲ.